ಗೂಟದ ಮೇಲಿನ ಕಿರುಬೆರಳು

ಅರಿಶಿನದ ಹುಡಿ ಮೂಗಿಗೆ ಬಂತು, ಸೀನು ಬರಬಾರದು ಈಗ, ಮದುವೆಮನೆಯ ಬೀಸುಕಲ್ಲಿನ ಎದುರು ವಿಧವೆ ಸೀನಿದರೆ ಮುಗಿಯಿತು, ಏನೇ ಆದರೂ ನನ್ನ ತಲೆಗೇ ಕಟ್ಟುತ್ತಾರೆ — ಮೂಗು ಹಿಡಿದುಕೊಂಡೆ, ಕಂಬಕ್ಕೆ ಆತುಕೊಂಡೆ, ಹುಮನಾಬಾದಿನ ಸಾವುಕಾರರ ಮನೆಯ ಕಂಬಗಳೇ ದಪ್ಪ, ನಾನು, ಈ ಸರುಬಾಯಿ, ಅರ್ಧ ಅದರ ಹಿಂದೆಯೇ ಅಡಗುತ್ತೇನೆ, ಹಾಗೆಂದೇ ಚಾಪೆ ಇಲ್ಲಿ ಹಾಸಿದ್ದಾರೆ, ಶುರು ಮಾಡ್ರಿ ಸರುಬಾಯಿ, ನಿಮ್ಮ ಪದಾ ಕೇಳಾಕಂತ ಹುಡಗಿ ಊರಿಂದ ಮಂದಿ ಬಂದಾರ ಎನ್ನುತ್ತಾರೆ ಮನೆಯೊಡತಿ ರುಕ್ಮಿಣಿಬಾಯಿ, ಹೌದ್ರಿ ಎನ್ನುತ್ತೇನೆ, ನನ್ನ ಕೈ ತಾಗಿದರೆ ಕಲ್ಲಿಗೆ ಅಪಶಕುನ, ದನಿ ತಾಗಿದರೆ ಮಂಗಳ, ಎರಡೂ ಒಂದೇ ಮೈಯಲ್ಲಿ ಹೇಗಿವೆಯೋ ದೇವರೇ ಬಲ್ಲ — ಕಲ್ಲಿನ ಸುತ್ತ ಐವರು ಮುತ್ತೈದೆಯರು, ಗೂಟ ಹಿಡಿದವರು ಇಬ್ಬರು, ಒಂದು ಕೈ ಈ ಮನೆಯ ಸೊಸೆಯದು, ಇನ್ನೊಂದು, ನೋಡಬಾರದೆಂದುಕೊಂಡೇ ಕೂತಿದ್ದೇನೆ, ಇನ್ನೊಂದು ಗಯಾಬಾಯಿಯದು, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಗಯಕ್ಕ, ಇದೇ ಊರಿನ ಮಗಳ ಮನೆಗೆಂದು ಕಲ್ಯಾಣದಿಂದ ಬಂದವಳನ್ನು ಐವರಲ್ಲಿ ಒಬ್ಬಳಾಗಿ ಕೂರಿಸಿದ್ದಾರೆ, ನಾನು ಹಾಡುವುದು ಗೊತ್ತಿದ್ದೇ ಬಂದಳೋ, ಗೊತ್ತಿಲ್ಲದೆಯೋ.

ಯಾರ ಹಂತ್ಯಾಕ ಕಲ್ತೀರಿ ಎಂದು ಹೋದಲ್ಲೆಲ್ಲ ಕೇಳುತ್ತಾರೆ, ಹಾಡುತ್ತ ಹಾಡುತ್ತ ರಾಗ ಎನ್ನುತ್ತಾರಲ್ಲ, ನನ್ನದು ಬೀಸುತ್ತ ಬೀಸುತ್ತ, ಕೋಳಿ ಕೂಗುವ ಹೊತ್ತಿಗೆ ಕಲ್ಯಾಣದ ಮನೆಯ ಪಡಸಾಲೆ, ಒಂದೇ ಗೂಟಕ್ಕೆ ಎರಡು ಕೈ, ಮೇಲೆ ಅವಳದು, ಕೆಳಗೆ ನನ್ನದು, ಮೊದಲ ಸಾಲು ನಾನು ಕಟ್ಟಿ ಬಿಡುವುದು, ಎರಡನೆಯದನ್ನು ಅವಳು ಎತ್ತಿಕೊಳ್ಳುವುದು, ಅಲ್ಲಿಯವರೆಗೂ ಪದ ಎಲ್ಲಿಗೆ ಹೋಗುತ್ತದೆಂದು ನನಗೇ ತಿಳಿಯುತ್ತಿರಲಿಲ್ಲ, ಮಂಠಾಳದ ಹಾದ್ಯಾಗ ಮಾವಿನ ನೆರಳವ್ವ ಎಂದೆ ಒಂದು ದಿನ, ನೆರಳಿಗೂ ಒಂದು ನೆರಳು ಬೇಕವ್ವ ಎಂದಳು, ನಕ್ಕೆವು, ಜೋಳ ಚೆಲ್ಲಿತು, ಹಿಟ್ಟ ಬೀಸ್ತೀರೋ ನಗಿ ಬೀಸ್ತೀರೋ ಎಂದು ಅತ್ತೆ ಬೈದರು — ವಾಂತಿಭೇದಿಯ ವರ್ಷ ನನ್ನ ಗಂಡ ಬಂಡೆಪ್ಪ ಹೋದ, ಬಳೆ ಒಡೆದರು, ಆದರೂ ದಿನದ ಜೋಳಕ್ಕೆ ಬಳೆಯ ಹಂಗಿರಲಿಲ್ಲ, ಬೀಸಿದೆವು, ಅಳುವನ್ನೂ ಕಲ್ಲಿಗೇ ಹಾಕಿ ಬೀಸಿದೆವು, ಆಮೇಲೆ ಅವಳ ಮಗಳು ಮಾಣಿಕಮ್ಮನ ಮದುವೆ, ದೊಡ್ಡ ಲಡಾಯಿಯಿಂದಾಗಿ ಸೀಮೆಎಣ್ಣೆ ಸಿಗದ ವರ್ಷ, ಕಲ್ಲಿಗೆ ಪೂಜೆ ಮಾಡಿ ಐವರು ಕೂತರು, ನನ್ನ ಕೈ ತಾನಾಗಿ ಗೂಟಕ್ಕೆ ಹೋಯಿತು, ಅದರ ಜಾಗ ಅದು, ಕೈಗೇನು ಗೊತ್ತು, ಗಯಕ್ಕ ಮುಖ ಎತ್ತಲಿಲ್ಲ, ನನ್ನ ಬೆರಳು ಒಂದೊಂದಾಗಿ ಬಿಡಿಸಿದಳು, ಕಿರುಬೆರಳು ಮಾತ್ರ ಬಿಡಲಿಲ್ಲ, ಅದನ್ನೂ ಬಿಡಿಸಿದಳು, ಇವತ್ತೊಂದಿನ ಬ್ಯಾಡ ಸರೂ, ಮಗಳ ಬಾಳಿನ ಮಾತದ, ಅಲ್ಲಿ ಕುಂತು ಹಾಡವ್ವ — ತಾಯಿಯ ಹೆದರಿಕೆ ನನಗೆ ತಿಳಿಯದ್ದಲ್ಲ, ತಿಳಿದೂ ಹೊಟ್ಟೆ ಉರಿಯಿತು, ಕಂಬದ ಪಕ್ಕ ಕೂತು ಎರಡೂ ಸಾಲು ನಾನೇ ಹಾಡಿದೆ, ಹಟಕ್ಕೆ ಹಾಡಿದೆ, ಗಂಡಿನ ಕಡೆಯಿಂದ ಬಂದಿದ್ದ ಇದೇ ರುಕ್ಮಿಣಿಬಾಯಿ ಕಣ್ಣೊರೆಸಿಕೊಂಡು ಒಬ್ಬಾಕೀನ ಇಷ್ಟು ಹಾಡ್ತಾಳಲ್ಲ ಎಂದರು, ಅಲ್ಲಿಂದ ಶುರುವಾಯಿತು, ಮಂಠಾಳ, ಹುಡಗಿ, ಹುಮನಾಬಾದ್, ಮೋಟಾರಿನಲ್ಲಿ ಕರೆಸಿಕೊಳ್ಳುತ್ತಾರೆ, ಒಬ್ಬಂಟಿ ಹಾಡಿನ ಸರುಬಾಯಿ ಎನ್ನುತ್ತಾರೆ, ಮನೆಯಲ್ಲಿ ಮಾತ್ರ ಮರುದಿನದಿಂದಲೇ ನಾನು ಮೂಲೆಯ ಸಣ್ಣ ಕಲ್ಲಿಗೆ ಕೂತೆ, ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ, ಎರಡು ಕಲ್ಲು, ಎರಡರ ಮೇಲೂ ಪದವಿಲ್ಲ.

ಕಲ್ಲು ತಿರುಗತೊಡಗಿತು, ಅವಳ ಬೀಸು ನನಗೆ ಗೊತ್ತು, ಸುತ್ತಿನ ಕೊನೆಗೆ ಸಣ್ಣದೊಂದು ಎಳೆತ, ಎಷ್ಟು ಪದ ಕಟ್ಟಿದ್ದೇನೆ, ಬಾಯಿಗೆ ಬರುವುದು ಅದೊಂದೇ, ಮಂಠಾಳದ ಹಾದ್ಯಾಗ ಮಾವಿನ ನೆರಳವ್ವ — ಎರಡನೆಯ ಸಾಲನ್ನು ಇವತ್ತು ಹಾಡುವುದಿಲ್ಲ, ಎತ್ತಿಕೋ ಅಕ್ಕ, ನೀನು ಎತ್ತಿಕೊಂಡರೆ ಈ ಚಾಪೆ, ಈ ಹೆಸರು ಎಲ್ಲ ಇಲ್ಲಿಯೇ ಬಿಟ್ಟು ನಿನ್ನ ಜೊತೆ ಮನೆಗೆ ಬರುತ್ತೇನೆ, ಎತ್ತಿಕೋ — ಕಲ್ಲು ನಿಂತಿತು, ಯಾಕ್ರಿ ಸರುಬಾಯಿ, ಮರ್ತ್ರೇನು ಎನ್ನುತ್ತಾರೆ ರುಕ್ಮಿಣಿಬಾಯಿ, ಗಯಕ್ಕನ ತುಟಿ ಅಲುಗಿತು, ದನಿ ಬರಲಿಲ್ಲ, ಅವಳು ನೋಡುತ್ತಿರುವುದು ನನ್ನ ಮುಖವನ್ನಲ್ಲ, ಮಡಿಲಲ್ಲಿರುವ ಕೈಯನ್ನು, ಇಲ್ಲದ ಗೂಟವನ್ನು ಬಿಗಿಹಿಡಿದ ಕೈಯನ್ನು, ಬಿಡು ಎನ್ನುತ್ತೇನೆ ಕೈಗೆ, ಹೆಬ್ಬೆಟ್ಟು ಬಿಟ್ಟಿತು, ತೋರುಬೆರಳು ಬಿಟ್ಟಿತು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು — ಕಿರುಬೆರಳು —