ಏಳನೇ ‘ಬಿ’ಗೆ ಹೋದ ಮಾತು

ಭಾನುವಾರ ಮಧ್ಯಾಹ್ನ ಮೀನುಸಾರಿನ ಊಟ ಮುಗಿಸಿ, ಜಾದವ್‌ಪುರದ ಫ್ಲಾಟಿನ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತ ಸ್ನೇಹಲತಾ, ಉಡುಪಿಯಲ್ಲಿರುವ ಅಕ್ಕನಿಗೆಂದು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದಳು. ಅದು ಹೋದದ್ದು ಅಕ್ಕನಿಗಲ್ಲ. ಅವಳು ಕ್ಲಾಸ್ ಟೀಚರಾಗಿರುವ ಏಳನೇ ‘ಬಿ’ಯ ತಂದೆತಾಯಂದಿರ ಗ್ರೂಪಿಗೆ.

ಮಾತಾದರೂ ಎಂಥದ್ದು! “ಅಕ್ಕಾ, ಸುಂದರಬನದ ಬಗ್ಗೆ ಬರ್ಕೊಂಡು ಬನ್ನಿ ಅಂದ್ರೆ ನಲವತ್ತು ಮಕ್ಕಳೂ ಎಐ ಹತ್ರ ಬರೆಸಿಕೊಂಡು ಬಂದಿದ್ದಾವೆ. ಎಲ್ಲರದ್ದೂ ಒಂದೇ ಹುಲಿ, ಒಂದೇ ಕೆಸರು. ನಾನೆಂತ ಕಮ್ಮಿಯಾ? ಓದ್ಲೇ ಇಲ್ಲ. ಎಲ್ರಿಗೂ ಹತ್ತಕ್ಕೆ ಒಂಬತ್ತು ಕೊಟ್ಟೆ. ರಿಪೋರ್ಟ್ ಕಾರ್ಡಿನ ಷರಾ ಸಹ ಎಐ ಹತ್ರಾನೇ ಬರೆಸಿದೆ. ಮೆಷಿನ್ ಬರೆದದ್ದಕ್ಕೆ ಮೆಷಿನ್ನೇ ಶಹಬ್ಬಾಸ್ ಹೇಳಿತು. ನಡುವೆ ನಾವು ನಲವತ್ತೊಂದು ಜನ ಆರಾಮ!” ಆಮೇಲೆ ಹೊಟ್ಟೆ ತುಂಬ ನಕ್ಕದ್ದೂ ಅದರಲ್ಲಿ ಸೇರಿತ್ತು.

ತಪ್ಪು ಗೊತ್ತಾದಾಗ ನಾಲ್ಕು ಗಂಟೆ. ಗಾಬರಿಯಲ್ಲಿ ಅಳಿಸಲು ಹೋಗಿ, ಎಲ್ಲರ ಫೋನಿನಿಂದ ಅಳಿಸುವ ಬದಲು ತನ್ನ ಫೋನಿನಿಂದ ಮಾತ್ರ ಅಳಿಸಿಬಿಟ್ಟಳು.

“ಇನ್ನು ಅದನ್ನು ಕೇಳ್ಲಿಕ್ಕೆ ಆಗದವಳು ನೀನೊಬ್ಳೇ,” ಎಂದ ಗಂಡ ರಂಗನಾಥ. ಬ್ಯಾಂಕಿನವನು, ತಪ್ಪು ಗುಂಡಿ ಒತ್ತಿ ಓಡಿಬರುವವರನ್ನು ದಿನಾ ನೋಡುವವನು. “ಹೆದರ್ಬೇಡ ಮಾರಾಯ್ತಿ. ಕನ್ನಡ ಅಲ್ವಾ? ಕಲ್ಕತ್ತಾದಲ್ಲಿ ಯಾರಿಗೆ ಅರ್ಥ ಆಗ್ತದೆ?”

ಗ್ರೂಪಿನಲ್ಲಿ ಆಗಲೇ ಉತ್ತರಗಳು ಸಾಲುಗಟ್ಟಿದ್ದವು. ‘ಥ್ಯಾಂಕ್ಯೂ ಮ್ಯಾಮ್.’ ‘ನೋಟೆಡ್ ಮ್ಯಾಮ್.’ ಏಳು ಹೆಬ್ಬೆರಳು, ಮೂರು ನಮಸ್ಕಾರ. ಟೀಚರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ಸಂಗತಿ ಸ್ನೇಹಲತಾಳಿಗೆ ಜೀವಮಾನದಲ್ಲಿ ಮೊದಲ ಸಲ ಸಮಾಧಾನ ತಂದಿತು.

ಅಷ್ಟರಲ್ಲಿ ಭರತೇಶರ ಫೋನು ಬಂತು. ರೈಲ್ವೆಯಲ್ಲಿರುವ ಧಾರವಾಡದವರು, ಅವರ ಮಗಳು ನಮ್ರತಾ ಆ ತರಗತಿಯ ಒಬ್ಬಳೇ ಕನ್ನಡದ ಹುಡುಗಿ.

“ಮೇಡಮ್ಮಾರ, ಕೇಳಿದೆನ್ರಿ. ನಕ್ಕು ನಕ್ಕು ಸಾಕಾತು. ನೀವೇನೂ ಕಾಳಜಿ ಮಾಡಬ್ಯಾಡ್ರಿ. ನಮ್ಮ ನಮ್ರತಾನ ಕ್ಲಾಸಿನ ಸ್ವಸ್ತಿಕ್‌ನ ತಾಯಿ, ಮೇಡಮ್ಮಾರು ಏನು ಹೇಳ್ಯಾರ ಅಂತ ಕೇಳಿದ್ರು. ದುರ್ಗಾ ಪೂಜಾ ರಜಾದಾಗ ಮಕ್ಕಳು ಚೊಲೊ ಓದಬೇಕಂತ ಹೇಳ್ಯಾರ ಅಂತಂದೆ.”

“ಅಯ್ಯೋ! ನಮ್ರತಾ ಕೇಳಿದ್ಳಾ?”

“ಬಾಜೂನ ಕುಂತಿದ್ಲು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ತಾಕೀತು ಮಾಡೇನಿ.”

ಫೋನಿಟ್ಟ ಮೇಲೆ ಚಹಾ ರುಚಿಸಲಿಲ್ಲ. ಎಐ ಬಂತೆಂದು ಎದೆ ಬಡಿದುಕೊಳ್ಳುವವಳಲ್ಲ ಅವಳು. ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಅತ್ತಿದ್ದೆವು ಎಂದು ಸ್ಟಾಫ್ ರೂಮಿನಲ್ಲಿ ಉಳಿದವರನ್ನು ಛೇಡಿಸುವವಳು. ದಿನಾ ಬೆಳಿಗ್ಗೆ ಮೊದಲ ಹತ್ತು ನಿಮಿಷ ಮಕ್ಕಳ ಕೈಯಲ್ಲಿ ಪೇಪರ್ ಓದಿಸಿ, ಈ ಸುದ್ದಿ ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೆದಕಿ ಕೇಳುವುದು ಅವಳ ಹೆಮ್ಮೆಯ ಕೆಲಸ. ಈಗ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಟೀಚರನ್ನು ಉಳಿಸಲು ಸುಳ್ಳೊಂದನ್ನು ಬಾಯಲ್ಲಿಟ್ಟುಕೊಂಡು ಕೂರಬೇಕು. ಪ್ರಿನ್ಸಿಪಾಲರ ಬೈಗುಳ ತಿಂದು ಅರಗಿಸಿಕೊಳ್ಳಬಹುದು. ಆ ಹುಡುಗಿಯ ಮುಖವನ್ನು ಹೇಗೆ ನೋಡುವುದು?

ಸೋಮವಾರ ಅವಳು ಪೇಪರ್ ಬಿಡಿಸಲಿಲ್ಲ. “ಇವತ್ತಿನ ಸುದ್ದಿ ನನ್ನದೇ,” ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಒಂದನ್ನೂ ಬಿಡದೆ ಹೇಳಿದಳು. “ಪ್ರಿನ್ಸಿಪಾಲರಿಗೂ ಬೆಳಿಗ್ಗೆಯೇ ಹೇಳಿ ಬಂದಿದ್ದೇನೆ. ನೀವೂ ಮನೆಯಲ್ಲಿ ಹೇಳಿ.” ಮೂರನೇ ಬೆಂಚಿನಲ್ಲಿ ನಮ್ರತಾ ಉಸಿರು ಬಿಟ್ಟದ್ದು ಮೇಜಿನವರೆಗೆ ಕೇಳಿಸಿತು.

ಸಂದೀಪ ಡೆಸ್ಕು ಬಡಿದು, “ಮ್ಯಾಮ್, ನೀವೂನಾ!” ಎಂದದ್ದೇ ಇಡೀ ತರಗತಿ ಗೊಳ್ಳೆಂದಿತು. ಸ್ವಸ್ತಿಕ್ ಮಾತ್ರ ನಗಲಿಲ್ಲ.

“ಪ್ರಕೃತಿಯನ್ನು ಸೂಕ್ಷ್ಮವಾಗಿ ನೋಡುವ ಹುಡುಗ ಅಂತ ನನ್ನ ಕಾರ್ಡಿನಲ್ಲಿತ್ತು. ನನ್ನ ಅಜ್ಜಿ ಅದನ್ನು ಇಡೀ ಓಣಿಗೆ ಓದಿ ಹೇಳಿದ್ದಾಳೆ. ಅದು ಸುಳ್ಳಾ ಮ್ಯಾಮ್?”

“ಗೊತ್ತಿಲ್ಲ ಸ್ವಸ್ತಿಕ್. ನೀನು ಬರೆದದ್ದನ್ನು ನಾನು ಓದಿಲ್ಲ.”

ಹುಡುಗ ತಲೆ ಕೆರೆದುಕೊಂಡ. “ನಾನು ಬರೆದೂ ಇಲ್ಲ ಮ್ಯಾಮ್.”

ಈ ಸಲ ಅವನೂ ನಕ್ಕ.

ಸುಂದರಬನವನ್ನು ಅದರ ಪಾಡಿಗೆ ಬಿಟ್ಟು, ಈ ಬೆಳಿಗ್ಗೆ ಮನೆಯಿಂದ ಶಾಲೆಗೆ ಬರುವಾಗ ಕಂಡದ್ದನ್ನು ಅಲ್ಲೇ ಕೂತು ಬರೆಯಿರಿ ಎಂದಳು. ನಲವತ್ತು ಹಾಳೆಗಳನ್ನು ಮನೆಗೆ ಹೊತ್ತು ತಂದು, ಸೆರಗು ಸಿಕ್ಕಿಸಿ ಓದತೊಡಗಿದಳು. ಸಂದೀಪ ಆಟೋದಲ್ಲಿ ತನ್ನ ತೊಡೆಯ ಮೇಲೆ ಕೂತೇಬಿಟ್ಟ ದಪ್ಪ ಮನುಷ್ಯನನ್ನು ಒಂದು ಪುಟ ಬೈದಿದ್ದ. ನಮ್ರತಾ ತನ್ನ ಬಸ್ಸಿನ ಕಂಡಕ್ಟರನ ಕೂಗನ್ನು ಸ್ವರ ಹಾಕಿ ಬರೆದಿದ್ದಳು. ಸ್ವಸ್ತಿಕ್‌ನದು ಆರೇ ಸಾಲು, ಒಂಬತ್ತು ತಪ್ಪು: ‘ಗರಿಯಾಹಾಟ್ ಮೇಲ್ಸೇತುವೆಯ ಕೆಳಗೆ ಇಬ್ಬರು ಮುದುಕರು ಚೆಸ್ ಆಡುತ್ತಿದ್ದರು. ಯಾರು ಸೋಲುತ್ತಾರೆಂದು ಮೊದಲೇ ಗೊತ್ತಾಗುತ್ತದೆ. ಸೋಲುವವರು ಚಪ್ಪಲಿಯಿಂದ ಕಾಲು ಹೊರಗೆ ತೆಗೆಯುತ್ತಾರೆ.’

ಸ್ನೇಹಲತಾ ಅದನ್ನು ಎರಡು ಸಲ ಓದಿದಳು. ಪೆನ್ನು ತೆಗೆದು ಬರೆದಳು: ‘ಗಿಡಮರಗಳ ವಿಷಯ ನನಗೆ ತಿಳಿಯದು. ಮನುಷ್ಯರನ್ನು ಈ ಹುಡುಗ ಕಾಲಿನವರೆಗೂ ನೋಡುತ್ತಾನೆ. ಹತ್ತಕ್ಕೆ ಆರು.’

“ಲತಾ, ಊಟಕ್ಕೆ ಬರುದಿಲ್ವಾ?” ಎಂದ ರಂಗನಾಥ ಒಳಗಿನಿಂದ.

“ತಡೀರಿ,” ಎಂದಳು ಮುಂದಿನ ಹಾಳೆ ಎತ್ತಿಕೊಳ್ಳುತ್ತ. “ಇನ್ನೂ ಹದಿನೇಳು ಮಕ್ಕಳು ಶಾಲೆಗೆ ಬಂದು ಮುಟ್ಟಿಲ್ಲ.”