ಬಿಸಿನೀರಿಗೆ ಬಿದ್ದ ಬೆಡ್‌ಶೀಟ್

ನಮ್ಮ ಲಾಂಡ್ರಿಯಲ್ಲಿ ರಕ್ತದ ಕಲೆಯನ್ನು ಬಿಸಿನೀರಿಗೆ ಹಾಕುವವರಿಲ್ಲ. ಬಿಸಿ ತಾಗಿದರೆ ರಕ್ತ ನೂಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವುದೇ ಇದನ್ನು. ಎರಡನೆಯ ದಿನ ಹೇಳಿಕೊಡುವುದು, ಕಲೆ ಯಾರದ್ದು ಅಂತ ಗಿರಾಕಿಯನ್ನು ಕೇಳಬಾರದು. ಏನು, ಎಷ್ಟು ಹಳೆಯದು, ಅಷ್ಟೇ ಕೇಳಬೇಕು.

ಹಾಗಿರುವಾಗ, ಇಪ್ಪತ್ತು ವರ್ಷದಿಂದ ಇಸ್ತ್ರಿ ಮಾಡುತ್ತಿರುವ ನನ್ನ ತಮ್ಮನ ಮಗ ಒಂದು ಬೆಡ್‌ಶೀಟನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿತ್ತಲ ತಂತಿಯ ತುದಿಯಲ್ಲಿ, ದೊಡ್ಡ ಪರದೆಗಳ ಮರೆಗೆ ಒಣಹಾಕಿದ್ದು ನನಗೆ ವಿಚಿತ್ರ ಅನ್ನಿಸಿತು. ಮೂಲೆಯಲ್ಲಿ ನಾನೇ ಹಾಕಿದ ಹಸಿರು ದಾರದ ಗುರುತು. ಅವನ ಮನೆಯದೇ ಶೀಟು. ನಡುವೆ ಅಂಗೈಯಗಲದ ಕಂದು ಕಲೆ. ಬೆಳಕಿಗೆ ಹಿಡಿದು ನೋಡಿದೆ, ಬೆರಳಾಡಿಸಿ ನೋಡಿದೆ. ಬೇಯಿಸಿದ ಮೇಲೂ ಅಂಚು ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು. ಬರೀ ರಕ್ತ ಹಾಗೆ ಒಣಗುವುದಿಲ್ಲ. ಅವನ ಹೆಂಡತಿಗೆ, ಅಂದರೆ ನಮ್ಮ ಸೊಸೆಗೆ, ಗರ್ಭಕೋಶ ತೆಗೆಸಿ ಎರಡು ವರ್ಷವಾಗಿತ್ತು, ಅವಳದ್ದಲ್ಲ. ಎಷ್ಟೋ ಮನೆಗಳ ಹಾಸಿಗೆ ಬಟ್ಟೆ ಒಗೆದವಳು ನಾನು, ಬೆರೆತದ್ದು ಏನೆಂದು ತಿಳಿಯಿತು. ಗಂಡಸಿನ ವೀರ್ಯದಲ್ಲಿ ರಕ್ತ ಬರುತ್ತದೆಯೇ? ಅದು ಮಾತ್ರ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇನ್ನೊಂದು. ಇವನ ಅಪ್ಪ ಮೂತ್ರದಲ್ಲಿ ರಕ್ತ ಕಂಡು ಒಂದು ವರ್ಷ ತುಟಿ ಬಿಚ್ಚಿರಲಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಡಾಕ್ಟರ ಹತ್ತಿರ ಕರೆದೊಯ್ಯುವ ಹೊತ್ತಿಗೆ ಕಾಲ ಮಿಂಚಿತ್ತು. ಈಗ ನಲವತ್ತಾರರ ಮಗನೂ ಅದೇ ದಾರಿ ಹಿಡಿದಿದ್ದಾನೆಯೇ? ಕೌಂಟರಿನಲ್ಲಿ ಚೀಟಿ ಬರೆಯುವ ಸೊಸೆ ಮೊನ್ನೆಯಷ್ಟೇ ಗೊಣಗಿದ್ದಳು, ಗಂಡ ಮೂರು ವಾರದಿಂದ ದಿಂಬು ಹೊತ್ತುಕೊಂಡು ಇಸ್ತ್ರಿ ಕೋಣೆಗೆ ಹೋಗಿ ಮಲಗುತ್ತಾನೆ, ಕೇಳಿದರೆ ಸೆಕೆ ಅನ್ನುತ್ತಾನೆ ಎಂದು. ಇಸ್ತ್ರಿ ಕೋಣೆಗಿಂತ ಸೆಕೆಯ ಜಾಗ ನಮ್ಮ ಬೀದಿಯಲ್ಲೇ ಇಲ್ಲ.

ಆದರೆ ಸೋದರತ್ತೆಯಾಗಿ ಹೇಗೆ ಕೇಳಲಿ? ಶೀಟನ್ನು ಮಡಚಿ ಅವನ ಮೇಜಿನ ಮೇಲಿಟ್ಟೆ.

“ಒಬ್ಬ ಗಿರಾಕಿದು ಕಣೋ. ಯಾರದ್ದು ಅಂತ ನಾನು ಕೇಳಲ್ಲ. ಎಷ್ಟು ಹಳೇದು?”

ಅವನ ಕಿವಿ ಕೆಂಪಾದವು. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ, ಮತ್ತೆ ಎತ್ತಿಕೊಂಡ. ಒಂದು ಅಂಗಿ ಪೂರ್ತಿ ಮುಗಿಸಿ ಮಡಚಿದ ಮೇಲೆ ಹೇಳಿದ, “ಮೂರು ವಾರ, ಅತ್ತೆ.”

“ಒಂದೇ ಸಲವಾ?”

“ಮೂರು ಸಲ ಆಯ್ತಂತೆ, ಆ ಗಿರಾಕಿಗೆ.”

ತಮ್ಮನ ಡಾಕ್ಟರು ಕೇಳಿದ ಪ್ರಶ್ನೆಗಳು ನನಗಿನ್ನೂ ನೆನಪಿದ್ದವು. ಜ್ವರ ಉಂಟಾ, ಉಚ್ಚೆಯಲ್ಲಿ ಕೆಂಪು ಉಂಟಾ, ಉರಿ ಉಂಟಾ ಎಂದು ಒಂದೊಂದಾಗಿ ಕೇಳಿದೆ. ಜ್ವರ ಇಲ್ಲವಂತೆ, ಕೆಂಪೂ ಇಲ್ಲವಂತೆ, ಉರಿ ಸ್ವಲ್ಪ ಇದೆಯಂತೆ. ಹೆಂಡತಿಗೆ ಏನಾದರೂ ಅಂಟಿದರೆ ಎಂದು ಬೇರೆ ಮಲಗುತ್ತಾನಂತೆ, ಶೀಟು ಕುದಿಸಿದ್ದೂ ಅದಕ್ಕೇ ಅಂತೆ.

“ಹಾಗಾದ್ರೆ ಅವನಿಗೆ ಹೇಳು, ಬಿಸಿನೀರಿನಿಂದ ಏನೂ ಆಗಲ್ಲ. ಡಾಕ್ಟರಿಗೆ ತೋರಿಸ್ಬೇಕು. ಅಪ್ಪನ ಕಾಯಿಲೆ ವಿಷಯನೂ ಹೇಳ್ಬೇಕು.”

“ಅಪ್ಪನಿಗೆ ಆಗಿದ್ದೇ ನನಗೂ ಆಗಿದ್ರೆ, ಅತ್ತೆ?” ಗಿರಾಕಿ ಎಲ್ಲೋ ಮಾಯವಾಗಿದ್ದ.

“ಗೊತ್ತಿಲ್ಲಪ್ಪ. ನಾನೂ ತಿಳ್ಕೋಬೇಕು. ಹೋಗಿ ಕೇಳೋಣ.”

ಮಧ್ಯಾಹ್ನ ಅವನೇ ಹೆಂಡತಿಗೆ ಹೇಳಿದ. ಮಾರನೆಯ ದಿನ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಗಂಡ ಹೆಂಡತಿ ಒಳಗೆ ಹೋದರು. ಹೊರಗೆ ಬಂದ ಮೇಲೆ ಸೊಸೆಯನ್ನು ಕಾಡಿಸಿ ಕಾಡಿಸಿ ಎಲ್ಲ ಕೇಳಿಕೊಂಡೆ. ವೀರ್ಯ ಬರುವ ದಾರಿಯಲ್ಲಿ ಸಣ್ಣ ಸಣ್ಣ ನಾಳ, ಗ್ರಂಥಿಗಳಿವೆಯಂತೆ. ಎಲ್ಲೋ ಊದಿಕೊಂಡರೆ, ನವಿರು ರಕ್ತನಾಳ ಒಡೆದರೆ ಹೀಗಾಗುತ್ತದಂತೆ. ಕೆಂಪಾದರೆ ಹೊಸ ರಕ್ತ, ಕಂದಾದರೆ ಹಳೆಯದು. ಪ್ರಾಯದವರಿಗೆ ಒಂದು ಸಲ ಬಂದರೆ ಬಹಳ ಮಟ್ಟಿಗೆ ತಾನಾಗಿಯೇ ನಿಲ್ಲುತ್ತದಂತೆ, ಆದರೂ ಒಮ್ಮೆ ಕೇಳಿಕೊಂಡರೆ ನಷ್ಟವಿಲ್ಲ. ನಲವತ್ತು ದಾಟಿದವರು, ಮತ್ತೆ ಮತ್ತೆ ಬರುವವರು, ಉರಿ, ಜ್ವರ, ಮೂತ್ರದಲ್ಲಿ ರಕ್ತ ಇರುವವರು, ಮನೆಯಲ್ಲಿ ಯಾರಿಗಾದರೂ ಆ ಕ್ಯಾನ್ಸರ್ ಆಗಿದ್ದವರು ಮಾತ್ರ ಕಾಯುತ್ತ ಕೂರಬಾರದು. ಇವನಿಗೆ ಇದರಲ್ಲಿ ನಾಲ್ಕು ಸೇರಿದ್ದವು.

ಮೂತ್ರದ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಹೆಂಡತಿಗೆ ಅಂಟುವ ಜಾತಿಯದಲ್ಲ. ನಾಲ್ಕು ವಾರ ಮಾತ್ರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಮಾಡುವ ರಕ್ತಪರೀಕ್ಷೆ ಮಾತ್ರ ಊತ ಇಳಿದ ಮೇಲೆಯೇ ಮಾಡುವುದು, ಈಗ ಮಾಡಿದರೆ ಸುಮ್ಮನೆ ಹೆಚ್ಚು ತೋರಿಸುತ್ತದೆ ಅಂದರಂತೆ. ಅಷ್ಟು ದಿನ ಕಾಯುವುದು ಸುಲಭವಿರಲಿಲ್ಲ. ಅವನು ಎರಡು ಅಂಗಿ ಸುಟ್ಟ. ಸೊಸೆ ಮೂವರು ಗಿರಾಕಿಗಳಿಗೆ ಒಂದೇ ನಂಬರಿನ ಚೀಟಿ ಕೊಟ್ಟಳು.

ಆ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು, ಈಗ ಹೆದರುವಂಥದ್ದು ಏನೂ ಕಾಣುತ್ತಿಲ್ಲ, ಅಪ್ಪನಿಗೆ ಇದ್ದದ್ದರಿಂದ ವರ್ಷಕ್ಕೊಮ್ಮೆ ಬಂದು ತೋರಿಸು ಅಂದರು.

ಶೀಟಿನ ಕಲೆ ಹೋಗಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಅವನ ಮೇಜಿಗೆ ಹಾಸಿದೆ. ದಿನಾ ಅದರ ಮೇಲೆಯೇ ಇಸ್ತ್ರಿ ಮಾಡುತ್ತಾನೆ. ಫಲಿತಾಂಶ ಬಂದ ದಿನ ಸಂಜೆ ಬಾಗಿಲು ಹಾಕುವಾಗ ಇಸ್ತ್ರಿ ಕೋಣೆಯಿಂದ ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೌಂಟರಿನ ಮುಂದೆ ಮನೆ ಕಡೆಗೆ ಹಾದುಹೋದ. ಸೊಸೆ ಚೀಟಿ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಸೆಕೆ ಕಮ್ಮಿ ಆಯ್ತಾ?” ಅಂದಳು.