ತಪ್ಪು ಹುಡುಕುವ ತರಗತಿ

ಕೊಟ್ಟೂರಿನ ಸ್ಟೇಷನ್ ರಸ್ತೆಯ ಸಣ್ಣ ನರ್ಸಿಂಗ್ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಕೆಲವರು ನಕ್ಕರು, ಒಬ್ಬಿಬ್ಬರು ಮಗಳನ್ನು ಶಾಲೆ ಬಿಡಿಸುವ ಮಾತಾಡಿದರು. ತೋರಿಸುತ್ತಿದ್ದವರು ಸುಮಲತಾ ಮೇಡಂ. ಹರಪನಹಳ್ಳಿಯವರು. ದೇಹ ಹೇಗೆ ಕೆಲಸ ಮಾಡುತ್ತದೆ, ರೋಗಾಣುಗಳು ಅದನ್ನು ಹೇಗೆ ಕೆಡಿಸುತ್ತವೆ ಎಂಬೆರಡು ಪಾಠ ಅವರವು. ಹುಡುಗಿಯರೆಲ್ಲ ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರು; ದಪ್ಪ ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಅವರ ಮುಖ ಬಾಡುತ್ತಿತ್ತು. ಆದರೆ ಬಾಡಿಗೆ ಸೀಡಿ ಹಾಕಿ, ತೆಲುಗಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ ನೋಡುವಾಗ ಅದೇ ಹುಡುಗಿಯರು ರೆಪ್ಪೆ ಬಡಿಯುತ್ತಿರಲಿಲ್ಲ. ಮೇಡಂ ಇದನ್ನು ಹಾಸ್ಟೆಲಿನಲ್ಲಿ ಕಂಡಿದ್ದರು.

"ಇದು ನರ್ಸಿಂಗ್ ಸ್ಕೂಲೋ, ಟೂರಿಂಗ್ ಟಾಕೀಸೋ?" ಎಂದು ಪ್ರಿನ್ಸಿಪಾಲ್ ಶಿವಯೋಗಪ್ಪನವರು ಕೇಳಿದ್ದರು.

"ಒಂದು ತಿಂಗಳು ಬಿಡ್ರಿ ಸರ್. ಆಮೇಲೆ ನೀವೇ ಟೆಸ್ಟ್ ಇಟ್ಟು ನೋಡ್ರಿ" ಎಂದಿದ್ದರು ಮೇಡಂ.

ಅವರ ಕ್ರಮ ಸರಳವಾಗಿತ್ತು. ಬಾಹ್ಯಾಕಾಶ, ಯಂತ್ರಮನುಷ್ಯ, ಬೇರೆ ಗ್ರಹದ ಜ್ವರ, ಏನಾದರೂ ಇರಲಿ, ಅರ್ಧ ಗಂಟೆ ತೋರಿಸಿ ನಿಲ್ಲಿಸುತ್ತಿದ್ದರು. "ದೇಹದ ವಿಷಯದಾಗೆ ಇವರು ಎಲ್ಲಿ ಸುಳ್ಳು ಹೇಳ್ಯಾರ? ಹುಡುಕ್ರಿ." ಹುಡುಕಬೇಕಾದರೆ ನಿಜ ಯಾವುದೆಂದು ತಿಳಿಯಬೇಕು. ನಿಜ ತಿಳಿಯಲು ಹುಡುಗಿಯರು ತಾವಾಗಿಯೇ ಪುಸ್ತಕ ತೆರೆಯುತ್ತಿದ್ದರು.

ತಪ್ಪು ಹುಡುಕುವುದರಲ್ಲಿ ಸೌಭಾಗ್ಯ ಎಲ್ಲರಿಗಿಂತ ಮುಂದು. ಉಜ್ಜಿನಿಯ ಕಡೆಯ ಕುರಿಗಾರರ ಮನೆಯ ಹುಡುಗಿ. ಒಂದು ಸಿನಿಮಾದಲ್ಲಿ ನೂರು ವರ್ಷ ಮಂಜಿನ ಪೆಟ್ಟಿಗೆಯಲ್ಲಿ ಮಲಗಿದ್ದವನು ಎದ್ದ ಕೂಡಲೇ ಓಡಿಹೋಗಿ ಶತ್ರುವನ್ನು ಹೊಡೆದಾಗ ಅವಳು ಕೂತಲ್ಲಿಂದಲೇ ಕೂಗಿದ್ದಳು: "ಸುಳ್ಳು ಮೇಡಂ! ನಮ್ಮಣ್ಣ ಕಾಲು ಮುರಕೊಂಡು ಎರಡು ತಿಂಗಳು ಮಲಗಿದ್ದಕ್ಕ ಅವನ ತೊಡಿ ಸೊರಗಿ ಕಟ್ಟಿಗಿ ಆಗಿತ್ತು. ಇವ ಹೆಂಗ ಓಡ್ತಾನ್ರಿ?" ಇಡೀ ತರಗತಿ ನಕ್ಕಿತು. ಕೆಲಸವಿಲ್ಲದ ಸ್ನಾಯು ಕರಗುತ್ತದೆ ಎಂಬುದನ್ನು ಆಮೇಲೆ ಯಾರೂ ಮರೆಯಲಿಲ್ಲ.

ಅವಳ ಮಾತಿನಲ್ಲಿ ಅಣ್ಣ ಮೈಲಾರೇಶ್ ಪದೇಪದೇ ಬರುತ್ತಿದ್ದ. ಅಪ್ಪ ಇಲ್ಲದ ಮನೆ. ತಾಯಿ ಪಾಲಮ್ಮ ಮಗಳನ್ನು ಹತ್ತನೇ ತರಗತಿಗೇ ನಿಲ್ಲಿಸಬೇಕೆಂದಾಗ ಅವನೇ ಹಟ ಹಿಡಿದು ಓದಿಸಿದ್ದ. ರಜೆಗೆ ಹೋದಾಗಲೆಲ್ಲ ಅವನು ಕೇಳುತ್ತಿದ್ದುದು ಒಂದೇ: "ಈ ಸಲ ಯಾವ ಸಿನಿಮಾ ತೋರ್ಸಿದ್ರಲೇ? ಮೊದಲಿಂದ ಹೇಳು." ಅವಳು ಕತೆ ಹೇಳುವಳು; ನಡುನಡುವೆ ತಪ್ಪುಗಳನ್ನೂ ಹೇಳುವಳು. ತಪ್ಪು ಬಂದಾಗ ಅವನು ತೊಡೆ ತಟ್ಟಿ ನಗುವನು.

ದೀಪಾವಳಿಯಾಗಿ ಎರಡು ತಿಂಗಳಿಗೆ ಬರುವ ಎಳ್ಳಮಾಸೆ ಕಳೆದ ಮೇಲಿನ ಶನಿವಾರ ಮೇಡಂ ತಂದದ್ದು ಹೊಸ ಸಿನಿಮಾ. ದೂರದ ಗ್ರಹದಿಂದ ಮರಳಿದ ನೌಕೆಯಲ್ಲಿ ಒಂದು ರೋಗಾಣು ಬಂದಿರುತ್ತದೆ. ಅದು ತಗುಲಿದವನು ಇನ್ನೊಬ್ಬನನ್ನು ಕಚ್ಚುತ್ತಾನೆ. ಕಚ್ಚಿಸಿಕೊಂಡವನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹುಚ್ಚನಾಗಿ ಮತ್ತೊಬ್ಬನ ಮೇಲೆ ಬೀಳುತ್ತಾನೆ. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕಿರುಚಿದರು. ಮೇಡಂ ಸೀಡಿ ನಿಲ್ಲಿಸಿ, ನಗುತ್ತಲೇ ಪಾಠಕ್ಕೆ ಇಳಿದರು.

"ಇಂಥ ರೋಗ ನಮ್ಮೂರಾಗೂ ಐತೆ. ರೇಬಿಸ್. ಹುಚ್ಚುನಾಯಿ ಕಚ್ಚಿದ್ರೆ ಬರೋದು. ಈಗ ಹೇಳ್ರಿ, ಸಿನಿಮಾದಾಗ ದೊಡ್ಡ ತಪ್ಪು ಯಾವುದು?"

ಹುಡುಗಿಯರು ಪುಸ್ತಕ ತಿರುವತೊಡಗಿದರು. ಮೇಡಂ ಹಲಗೆಯ ಮೇಲೆ ಒಬ್ಬ ಮನುಷ್ಯನ ಚಿತ್ರ ಬರೆದು, ಕಾಲಿನಿಂದ ಮೆದುಳಿನವರೆಗೆ ಒಂದು ಗೆರೆ ಎಳೆದರು.

"ಹೊತ್ತು. ಸಿನಿಮಾದಾಗ ತಕ್ಷಣ ಹುಚ್ಚು ಹಿಡೀತದೆ. ನಿಜವಾದ ರೋಗಾಣು ಹಂಗಲ್ಲ. ನರದಗುಂಟ ನಿಧಾನಕ್ಕೆ ಮೆದುಳಿಗೆ ಹತ್ತುತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಕಾಲಿಗೆ ಕಚ್ಚಿದ್ರೆ ದಾರಿ ಇನ್ನೂ ದೂರ. ಗಾಯ ಮಾಯ್ದಿರತದೆ, ಮನೆಯವರೆಲ್ಲ ಮರೆತಿರ್ತಾರೆ. ಆಗ ಬರತದೆ. ಅದು ಬರೋಕಿಂತ ಮುಂಚೆ ಸೂಜಿ ಹಾಕಿದ್ರೆ ಉಳೀತಾರೆ. ಬಂದ ಮೇಲೆ..."

ಮಾತು ಮುಗಿಯುವ ಮೊದಲೇ ಸೌಭಾಗ್ಯ ಎದ್ದು ನಿಂತಿದ್ದಳು. ತಪ್ಪು ಹೇಳಲು ಎದ್ದಿದ್ದಾಳೆಂದು ಗೆಳತಿಯರು ಅವಳತ್ತ ತಿರುಗಿದರು.

"ಮೇಡಂ, ದೀಪಾವಳಿಗಿಂತ ಮುಂಚೆ ಕಚ್ಚಿದ್ರ?"

"ಯಾರಿಗೆ?"

"ನಮ್ಮಣ್ಣಗ್ರಿ. ಮರಿ ಹಿಡಿಯಾಕ ಬಂದಿದ್ದ ನಾಯಿ. ಕಾಲಿನ ಮೀನಗಂಡದಾಗ ಹಲ್ಲಿನ ಕಲಿ ಇತ್ತು, ನಾನಽ ನೋಡೀನಿ. ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ತಾರಂತ ಹೆದರಿ ಹೋಗಿಲ್ಲ ಅವ. ಅರಿಶಿಣ ಸುಣ್ಣ ಹಚ್ಚಿ, ದ್ಯಾವರ ದಾರ ಕಟ್ಯಾರ. ಮಾಯ್ದೈತಿ ಅಂದ. ನಾನೂ ಹೌದಂದೆ."

ಮೇಡಂ ಸೀಮೆಸುಣ್ಣ ಕೆಳಗಿಟ್ಟು, "ನಡಿ" ಎಂದರು.

ಮೈಲಾರೇಶ್ ಆಗ ಹಗರಿಬೊಮ್ಮನಹಳ್ಳಿಯ ಆಚೆ, ಜೋಳ ಕೊಯ್ದ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ. ಇಬ್ಬರೂ ಬಸ್ಸಿಳಿದು ಹೊಲದ ದಾರಿ ಹಿಡಿದು ಹೋದಾಗ ಬಿಸಿಲು ಇನ್ನೂ ಇತ್ತು. ಅವನು ಕಂಬಳಿ ಹೊದ್ದು ಬೇವಿನ ಮರಕ್ಕೆ ಒರಗಿದ್ದ. ತಂಗಿಯನ್ನು ಕಂಡು ನಕ್ಕ. ಸೌಭಾಗ್ಯಳಿಗೆ ಜೀವ ಬಂದಂತಾಯಿತು.

"ಏನಲೇ, ಸ್ಕೂಲ್ ಬಿಟ್ಟು ಬಂದಿ? ನನಗೇನಾಗೈತಿ? ಎರಡು ದಿನದಿಂದ ಸಣ್ಣ ಜ್ವರ, ಅಷ್ಟ."

"ಆ ಕಾಲು ತೋರ್ಸು."

ಗಾಯ ಚೆನ್ನಾಗಿಯೇ ಮಾಯ್ದಿತ್ತು. "ಮ್ಯಾಲೆ ಏನೂ ಇಲ್ಲ ನೋಡು. ಒಳಗಽ ಜುಮುಜುಮು ಅಂತೈತಿ. ಇರುವಿ ಹರದಂಗ" ಎಂದು ಅವನು ಅದನ್ನು ಕೆರೆದುಕೊಂಡ. ಅದು ರೋಗ ಶುರುವಾದ ಗುರುತೆಂದು ತಿಳಿದಿದ್ದ ಸುಮಲತಾ ಮೇಡಂ ಮುಖ ಆಚೆ ತಿರುಗಿಸಿದರು.

ಜೊತೆಗಿದ್ದ ಹಿರಿಯ ಕುರಿಗಾರ ಜಂಬಯ್ಯ ಅಷ್ಟರಲ್ಲಿ ತನ್ನ ಮುಂಗೈ ಚಾಚಿದ. "ಅವತ್ತು ಬಿಡಸಾಕ ಹೋದಾಗ ನನಗೂ ಹಲ್ಲು ತಾಗಿತ್ತವ್ವಾ. ಆ ನಾಯಿ ಆಮ್ಯಾಲೆ ಕೆರಿ ಏರಿ ಮ್ಯಾಲೆ ಸತ್ತು ಬಿದ್ದಿತ್ತು."

"ನೀವೂ ಬರ್ರಿ. ಈಗಲೇ" ಎಂದರು ಮೇಡಂ.

ಕುರಿಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ನಾಲ್ವರೂ ಬಸ್ಸು ಹತ್ತಿದರು. ಊರು ದಾಟಿ ಬಸ್ಸು ವೇಗ ಹಿಡಿಯಿತು. ಕಿಟಕಿಯ ಗಾಳಿ ಮುಖಕ್ಕೆ ಬಡಿದದ್ದೇ ತಡ, ಮೈಲಾರೇಶನ ಕುತ್ತಿಗೆಯ ನರ ಬಿಗಿದವು. ಯಾರೋ ಗಂಟಲು ಅಮುಕಿದಂತೆ ತಲೆ ಹಿಂದಕ್ಕೆ ಎಳೆಯಿತು. "ಕಿಟಕಿ ಹಾಕ್ಲೇ, ಗಾಳಿ ಬ್ಯಾಡ, ಗಾಳಿ ಬ್ಯಾಡ" ಎಂದು ಏದುಸಿರು ಬಿಟ್ಟ. ಸೌಭಾಗ್ಯ ಕಿಟಕಿ ಎಳೆದು, ತನ್ನ ಸೆರಗನ್ನು ಅವನ ಮುಖಕ್ಕೆ ಅಡ್ಡ ಹಿಡಿದಳು. ರೇಬಿಸ್ ಬಂದವರು ನೀರಿಗೆ ಹೆದರುವಂತೆಯೇ ಗಾಳಿಗೂ ಹೆದರುತ್ತಾರೆಂದು ಅವಳು ಬರುವಾಗ ಬಸ್ಸಿನಲ್ಲಿ ಪುಸ್ತಕ ತೆರೆದು ಓದಿದ್ದಳು. ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೌಭಾಗ್ಯ ದಾರಿಯುದ್ದಕ್ಕೂ ಹಾಗೆಯೇ ಸೆರಗು ಹಿಡಿದು ಕೂತಳು.

ದೊಡ್ಡಾಸ್ಪತ್ರೆಯ ವೈದ್ಯರು ಜಂಬಯ್ಯನಿಗೆ ಆಗಲೇ ಸೂಜಿ ಶುರುಮಾಡಿದರು. ಮೈಲಾರೇಶನನ್ನು ಗಾಳಿ ಬೆಳಕು ಬಾರದಂತೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಗೆ ಕಳಿಸಿದರು. ಹೊರಗೆ ಬಂದು, "ನೀನು ಕಲಿತಿರೋಳು. ನಿನಗೆ ಹೇಳೋದು ಏನೂ ಇಲ್ಲಮ್ಮ. ನೋವಾಗದಂಗೆ ನೋಡ್ಕೋತೀವಿ" ಎಂದರು. ಅವಳು ತಲೆಯಾಡಿಸಿದಳು.

ಪಾಲಮ್ಮ ಬಂದು ಬಾಗಿಲ ಹೊರಗೆ ಕುಸಿದು ಕೂತಳು. ಒಳಗೆ ಕೂರಲು ವೈದ್ಯರು ಸೌಭಾಗ್ಯಳಿಗೆ ಮಾತ್ರ ಅನುಮತಿ ಕೊಟ್ಟರು. ಮೈಲಾರೇಶನಿಗೆ ನಡುನಡುವೆ ಬುದ್ಧಿ ತಿಳಿಯಾಗುತ್ತಿತ್ತು. ರೋಗದ ಕ್ರೂರತನ ಅದು.

"ಸೌಭಾಗ್ಯ, ಈ ಸಲ ಯಾವ ಸಿನಿಮಾ?"

ಬೇರೆ ಯಾವುದಾದರೂ ಹೇಳೋಣವೆಂದರೆ ಒಂದೂ ನೆನಪಿಗೆ ಬರಲಿಲ್ಲ. ಅದನ್ನೇ ಹೇಳತೊಡಗಿದಳು: ದೂರದ ಗ್ರಹ, ನೌಕೆ, ಅದರೊಳಗೆ ಬಂದ ರೋಗ. ಕಚ್ಚುವ ಮಾತನ್ನು ಬಿಟ್ಟುಬಿಟ್ಟಳು.

"ಎಲ್ಲಾರೂ ಸತ್ತರೇನು ಕೊನಿಗೆ?"

ಸಿನಿಮಾದ ಕೊನೆಯನ್ನು ಅವಳು ನೋಡಿರಲೇ ಇಲ್ಲ. "ಇಲ್ಲಣ್ಣ. ರೋಗ ಹತ್ತಿದವನ ತಂಗಿ ಔಷಧ ಕಂಡುಹಿಡೀತಾಳ. ಎಲ್ಲಾರೂ ಎದ್ದು ಕುಂದರ್ತಾರ."

"ಮತ್ತ... ತಪ್ಪು ಎಲ್ಲೈತಿ ಅದರಾಗ?"

"ಏನೂ ತಪ್ಪಿಲ್ಲ. ಎಲ್ಲಾ ಖರೇನ ಐತಿ."

ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ. ಮರುದಿನ ಮಧ್ಯಾಹ್ನ ಹೊರಟುಹೋದ.

ಸೌಭಾಗ್ಯ ಓದು ಬಿಡುತ್ತಾಳೆಂದೇ ಎಲ್ಲರೂ ಎಣಿಸಿದ್ದರು. ಆದರೆ ಅವಳು ಮರಳಿ ಬಂದಳು. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದಳು. ಶನಿವಾರದ ಸಿನಿಮಾ ನಿಂತಿತ್ತು. ಪ್ರಿನ್ಸಿಪಾಲರು ನಿಲ್ಲಿಸಿದ್ದಲ್ಲ. "ಮುಂದುವರಿಸ್ರಿ ಮೇಡಂ, ಆ ಮುದುಕ ಉಳಿದಿದ್ದು ನಿಮ್ಮ ಪಾಠದಿಂದಲೇ" ಎಂದು ಅವರೇ ಹೇಳಿದ್ದರು. ಮೇಡಂಗೆ ಟೀವಿ ಹಚ್ಚಲು ಕೈ ಬರುತ್ತಿರಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ರೇಬಿಸ್ ಕುರಿತು ಒಂದು ಪ್ರಶ್ನೆ ಬಂತು. ಸೌಭಾಗ್ಯ ಉಳಿದೆಲ್ಲ ಪ್ರಶ್ನೆಗಳಿಗೂ ಚೊಕ್ಕವಾಗಿ ಬರೆದು, ಅದೊಂದನ್ನು ಮುಟ್ಟಿರಲಿಲ್ಲ.

ಬೇಸಿಗೆಯಲ್ಲಿ ಸುಮಲತಾ ಮೇಡಂ ಉಜ್ಜಿನಿಗೆ ಹೋಗಿ, ಅಲ್ಲಿಂದ ಆ ಮನೆಯನ್ನು ಹುಡುಕಿಕೊಂಡು ಹೋದರು. ಸೌಭಾಗ್ಯ ನೀರಿಗೆ ಹೋಗಿದ್ದಳು. ಪಾಲಮ್ಮ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತಳು. ಆಮೇಲೆ ಕೇಳಿದಳು:

"ಒಂದು ಮಾತು ಕೇಳ್ತೀನಿ ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ. ಆ ಸಿನಿಮಾ ದೀಪಾವಳಿಗೇ ತೋರ್ಸಾಕ ಆಗ್ತಿರಲಿಲ್ಲೇನ್ರಿ?"

ಅವಳ ದನಿಯಲ್ಲಿ ದೂರು ಇರಲಿಲ್ಲ. ಮಳೆ ಯಾವಾಗ ಎಂದು ಕೇಳಿದ ಹಾಗೆ ಕೇಳಿದ್ದಳು. ಮೇಡಂಗೆ ಅಳು ಬಂತು. ಪಾಲಮ್ಮ ಹತ್ತಿರ ಸರಿದು, ಅವರ ಕೈಯಿಂದ ಮಜ್ಜಿಗೆಯ ಲೋಟ ತೆಗೆದು ಕೆಳಗಿಟ್ಟು, ಅವರ ಬೆನ್ನು ಸವರುತ್ತ ಕೂತಳು.